‘ಕೆಲಸ ಬಿಡಿ, ಕನಸು ಹಿಡಿಯಿರಿ’ ಎನ್ನುವ ಫಾರ್ವರ್ಡ್ ಎಷ್ಟು ನಿಜ? ಕಲೆ ಮತ್ತು ಸಂಬಳದ ನಡುವಿನ ಲೆಕ್ಕ

ಕೆಲವು ತಿಂಗಳ ಹಿಂದೆ ಒಂದೇ ಬೆಳಿಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಎರಡು ಫಾರ್ವರ್ಡ್ ಬಂದವು. ಮೊದಲನೆಯದರಲ್ಲಿ ಸ್ಟೀವ್ ಜಾಬ್ಸ್ ಫೋಟೊ. ಕೆಳಗೆ, ‘ನಿಮಗೆ ಇಷ್ಟವಾದದ್ದನ್ನು ಮಾಡಿ, ದುಡ್ಡು ತಾನಾಗಿ ಹಿಂದೆ ಬರುತ್ತದೆ’ ಎಂಬ ಸಾಲು. ಅದನ್ನು ಕಳಿಸಿದ್ದು ಅಜ್ಜಂಪುರದಲ್ಲಿರುವ ನಮ್ಮ ಚಿಕ್ಕಮ್ಮನ ಮಗ. ಹತ್ತು ನಿಮಿಷದಲ್ಲಿ ಕಡೂರಿನ ಮಾವನಿಂದ ಇನ್ನೊಂದು ಬಂತು. ಮುರಿದ ಪಿಟೀಲಿನ ಚಿತ್ರ. ‘ಕಲೆ ಹೊಟ್ಟೆ ತುಂಬಿಸುವುದಿಲ್ಲ. ಮೊದಲು ನೌಕರಿ, ಆಮೇಲೆ ಹುಚ್ಚು.’

ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಲಿಲ್ಲ. ಅವರ ಪರವಾಗಿ ಫಾರ್ವರ್ಡ್‌ಗಳು ಜಗಳ ಆಡಿದವು.

ವಿಷಯ ಏನೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗನಿಗೆ 24 ವರ್ಷ. ಪದವಿ ಮುಗಿಸಿ ಎರಡು ವರ್ಷದಿಂದ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ನಡುವೆ ಮದುವೆಗಳ ವಿಡಿಯೊ ಎಡಿಟ್ ಮಾಡುತ್ತಾನೆ. ಅವನಿಗೆ ಬೇಕಿರುವುದು ಸಿನಿಮಾ. ಆ ವಾರ ಅವರ ಮನೆಯಲ್ಲಿ ಅಮ್ಮನ ಸರ ಗಿರವಿ ಇಟ್ಟು ಎರಡು ಲಕ್ಷ ಚಿಲ್ಲರೆಯ ಕ್ಯಾಮೆರಾ ಕೊಳ್ಳುವ ಮಾತು ನಡೆದಿತ್ತು. ಪರೀಕ್ಷೆಯ ಪುಸ್ತಕ ಮಾರಿಬಿಡುವ ಮಾತೂ ಇತ್ತು.

ಕಡೂರಿನಿಂದ ಹೊರಟ ರೈಲು ಬೀರೂರು ಜಂಕ್ಷನ್ ದಾಟಿದ ಮೇಲೆ ಹಳಿ ಎರಡಾಗುತ್ತದೆ. ಒಂದು ತರೀಕೆರೆ ದಾರಿಯಾಗಿ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ದಾರಿಯಾಗಿ ಹುಬ್ಬಳ್ಳಿ ಕಡೆಗೆ. ಎರಡೂ ಫಾರ್ವರ್ಡ್‌ಗಳು ಬದುಕನ್ನು ಹೀಗೇ ನೋಡುತ್ತವೆ. ಒಂದು ಹಳಿ ಹಿಡಿದರೆ ಇನ್ನೊಂದು ಕೈಬಿಟ್ಟಂತೆ. ಇದು ನಿಜವೇ? ಸಂಶೋಧನೆಗಳು ಏನು ಹೇಳುತ್ತವೆ? ನಮ್ಮದೇ ಸಾಹಿತಿ, ಕಲಾವಿದರು ಏನು ಮಾಡಿದರು? ಒಂದೊಂದಾಗಿ ನೋಡೋಣ.

ಸ್ಟೀವ್ ಜಾಬ್ಸ್ ಹಾಗೆ ಹೇಳಿದ್ದಾರೆಯೇ?

ಅರ್ಧ ನಿಜ. 2005ರ ಜೂನ್ 12ರಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅವರು ಭಾಷಣ ಮಾಡಿದರು. ಪ್ರೀತಿಸುವ ಕೆಲಸವನ್ನು ಹುಡುಕಿಕೊಳ್ಳಿ, ಸಿಗುವವರೆಗೂ ಹುಡುಕುತ್ತಿರಿ ಎಂಬ ಅರ್ಥದ ಮಾತು ಅದರಲ್ಲಿದೆ. ‘ದುಡ್ಡು ತಾನಾಗಿ ಬರುತ್ತದೆ’ ಎಂಬುದು ಅದರಲ್ಲಿಲ್ಲ. ಅದು ಫಾರ್ವರ್ಡ್ ಮಾಡಿದವರು ಸೇರಿಸಿದ ಒಗ್ಗರಣೆ.

ಇದೇ ಜಾತಿಯ ಇನ್ನೊಂದು ಮಾತು ಕನ್ಫ್ಯೂಷಿಯಸ್ ಹೆಸರಿನಲ್ಲಿ ಓಡಾಡುತ್ತದೆ. ‘ಇಷ್ಟದ ಕೆಲಸ ಆರಿಸಿಕೊಂಡರೆ ಜೀವನದಲ್ಲಿ ಒಂದು ದಿನವೂ ದುಡಿಯಬೇಕಿಲ್ಲ’ ಎಂದು. ಕನ್ಫ್ಯೂಷಿಯಸ್‌ನ ಮಾತುಗಳ ಹಳೆಯ ಸಂಗ್ರಹದಲ್ಲಿ ಇದು ಇಲ್ಲ.

ಆಪಲ್ ಕಂಪನಿಯ ಕತೆಯಲ್ಲಿ ಫಾರ್ವರ್ಡ್‌ಗಳು ಬಿಟ್ಟುಬಿಡುವ ಒಂದು ಭಾಗ ಇದೆ. ಕಂಪನಿ ಶುರುವಾದದ್ದು 1976ರ ಏಪ್ರಿಲ್‌ನಲ್ಲಿ. ಮೊದಲ ಕಂಪ್ಯೂಟರನ್ನು ವಿನ್ಯಾಸ ಮಾಡಿದವರು ಸ್ಟೀವ್ ವೋಜ್ನಿಯಾಕ್. ಆಗ ಅವರು ಎಚ್‌ಪಿ ಕಂಪನಿಯ ಸಂಬಳದ ಎಂಜಿನಿಯರ್. ಆಪಲ್ ಶುರುವಾದ ಮೇಲೂ ಆ ಕೆಲಸ ಬಿಡಲಿಲ್ಲ. ಹಣ ಹೂಡಲು ಬಂದವರು ಪೂರ್ತಿ ಬಂದುಬಿಡಿ ಎಂದು ಪಟ್ಟು ಹಿಡಿದ ಮೇಲೆ ರಾಜೀನಾಮೆ ಕೊಟ್ಟರು. ಅಂದರೆ ಕನಸಿನ ಕಂಪನಿಯ ಮೊದಲ ಯಂತ್ರ ತಯಾರಾದದ್ದು ಇನ್ನೊಂದು ಕಂಪನಿಯ ಸಂಬಳದ ಆಸರೆಯಲ್ಲಿ.

ಗೆದ್ದವರ ಕತೆ ಮಾತ್ರ ಏಕೆ ಕೇಳುತ್ತೇವೆ?

ಇದಕ್ಕೆ ಬದುಕುಳಿದವರ ಪಕ್ಷಪಾತ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಯುದ್ಧದಿಂದ ವಾಪಸ್ ಬಂದ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ನೋಡಿ, ಎಲ್ಲಿ ಕವಚ ಹಾಕಬೇಕು ಎಂಬ ಪ್ರಶ್ನೆ ಎದ್ದಿತ್ತು. ಗಣಿತಜ್ಞ ಅಬ್ರಹಾಂ ವಾಲ್ಡ್ ಇದರಲ್ಲಿರುವ ಮೋಸವನ್ನು ತೋರಿಸಿದರು. ನಾವು ನೋಡುತ್ತಿರುವುದು ವಾಪಸ್ ಬಂದ ವಿಮಾನಗಳನ್ನು ಮಾತ್ರ. ಬಿದ್ದ ವಿಮಾನಗಳಿಗೆ ಎಲ್ಲಿ ಗುಂಡು ತಗುಲಿತ್ತು ಎಂಬುದು ಈ ಲೆಕ್ಕದಲ್ಲೇ ಇಲ್ಲ.

ಸಿನಿಮಾ ಮಾಡಲು ಬೆಂಗಳೂರಿನ ಗಾಂಧಿನಗರಕ್ಕೆ ಬಸ್ ಹತ್ತಿದವರ ಕತೆಯೂ ಹೀಗೆ. ಗೆದ್ದವರು ಸಂದರ್ಶನದಲ್ಲಿ ‘ಕೆಲಸ ಬಿಟ್ಟು ಬಂದೆ, ಬಸ್ ಸ್ಟ್ಯಾಂಡಿನಲ್ಲಿ ಮಲಗಿದೆ’ ಎನ್ನುತ್ತಾರೆ. ಅದು ನಿಜವೇ ಇರಬಹುದು. ಆದರೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ಸಾಲ ತೀರಿಸಲಾಗದೆ ಊರಿಗೆ ಬಂದವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ಕೆಲಸ ಬಿಟ್ಟದ್ದರಿಂದ ಗೆದ್ದರೋ, ಬಿಟ್ಟರೂ ಗೆದ್ದರೋ ಎಂದು ಗೆದ್ದವರ ಕತೆಯೊಂದರಿಂದಲೇ ತಿಳಿಯುವುದಿಲ್ಲ.

ನಮ್ಮ ಬರಹಗಾರರು ಏನು ಮಾಡಿದರು?

ಕನ್ನಡದ ದೊಡ್ಡ ಹೆಸರುಗಳ ಸಂಬಳದ ಕತೆ ನೋಡಿದರೆ ಫಾರ್ವರ್ಡ್‌ಗಳ ಎರಡು ಹಳಿ ಕಾಣುವುದಿಲ್ಲ.

ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಅವರು ಬದುಕಿನ ಬಹುಭಾಗ ದುಡಿದದ್ದು ಸರ್ಕಾರಿ ಕಚೇರಿಯ ಗುಮಾಸ್ತಿಕೆಯಲ್ಲಿ. ಜಯಂತ ಕಾಯ್ಕಿಣಿ ಓದಿದ್ದು ಜೀವರಸಾಯನಶಾಸ್ತ್ರ, ಎರಡು ದಶಕದಷ್ಟು ಕಾಲ ದುಡಿದದ್ದು ಮುಂಬೈಯ ಔಷಧ ಉದ್ಯಮದಲ್ಲಿ. ಅವರ ಮುಂಬೈ ಕತೆಗಳೆಲ್ಲ ಆ ಊರಿನ ದುಡಿಮೆಯ ನಡುವೆ ಕಂಡವು. ‘ಮುಂಗಾರು ಮಳೆ’ಯ ಹಾಡುಗಳಿಂದ ಅವರು ಮನೆಮಾತಾದದ್ದು 2006ರ ಕೊನೆಗೆ, ಐವತ್ತು ದಾಟಿದ ಮೇಲೆ.

ಗಿರೀಶ್ ಕಾರ್ನಾಡ್ ಇನ್ನೂ ಸ್ಪಷ್ಟ ಉದಾಹರಣೆ. 1963ರಿಂದ 1970ರವರೆಗೆ ಅವರು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರಿಯಲ್ಲಿದ್ದರು. ‘ತುಘಲಕ್’ ನಾಟಕ ಬಂದದ್ದು ಆ ಅವಧಿಯಲ್ಲಿ, 1964ರಲ್ಲಿ. 1970ರಲ್ಲಿ ಕೆಲಸ ಬಿಟ್ಟರು ನಿಜ. ಆದರೆ ಆಗ ಅವರಿಗೆ ಹೋಮಿ ಭಾಭಾ ಫೆಲೋಶಿಪ್ ಸಿಕ್ಕಿತ್ತು. ಬಿಡುವ ಹೊತ್ತಿಗೆ ಹೆಸರೂ ಇತ್ತು, ಮುಂದಿನ ಕೆಲವು ದಿನದ ಅನ್ನವೂ ಇತ್ತು.

ನಮ್ಮದೇ ಜಿಲ್ಲೆಯ ಪೂರ್ಣಚಂದ್ರ ತೇಜಸ್ವಿ ಅವರನ್ನು ‘ನೌಕರಿ ಬೇಡವೆಂದು ಕಾಡಿಗೆ ಹೋದ ಲೇಖಕ’ ಎಂದು ಫಾರ್ವರ್ಡ್‌ಗಳು ತೋರಿಸುತ್ತವೆ. ಅವರು ನೌಕರಿ ಬೇಡವೆಂದರು, ದುಡಿಮೆ ಬೇಡ ಎನ್ನಲಿಲ್ಲ. ಮೂಡಿಗೆರೆಯಲ್ಲಿ ಅವರು ಕಾಫಿ ಬೆಳೆಗಾರರು. ತೋಟ ಅವರ ಜೀವನೋಪಾಯ, ಅದೇ ತೋಟ ಅವರ ಬರಹಕ್ಕೆ ವಸ್ತು.

ತರೀಕೆರೆ ತಾಲ್ಲೂಕಿನ ಸಮತಳದಲ್ಲಿ 1959ರಲ್ಲಿ ಹುಟ್ಟಿದ ರಹಮತ್ ತರೀಕೆರೆ ಅವರದು ಇನ್ನೊಂದು ದಾರಿ. ಅವರು ಬಂದದ್ದು ಕುಲುಮೆಯ ಮನೆಯಿಂದ. ಆತ್ಮಕತೆಯ ಹೆಸರೂ ‘ಕುಲುಮೆ’. ಇಷ್ಟದ ವಿಷಯವಾದ ಕನ್ನಡವನ್ನೇ ಓದಿ, ಪಾಠ ಹೇಳುವ ಕೆಲಸ ಹಿಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಊರೂರು ತಿರುಗಿ ಸೂಫಿಗಳ, ನಾಥಪಂಥದ ಬಗ್ಗೆ ಬರೆದರು. 2010ರಲ್ಲಿ ‘ಕತ್ತಿಯಂಚಿನ ದಾರಿ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಲ್ಲಿ ಸಂಬಳ ಮತ್ತು ಇಷ್ಟ ಅಕ್ಕಪಕ್ಕದ ಮನೆಗಳಂತೆ.

ಪೂರ್ತಿ ಬಿಟ್ಟವರೂ ಇದ್ದಾರೆ. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ಒಳ್ಳೆಯ ಹುದ್ದೆ ಬಿಟ್ಟರು. ಕನ್ನಡ ನಾಟಕಕ್ಕೆ ಅದರಿಂದ ದೊಡ್ಡ ಲಾಭವಾಯಿತು. ಅವರ ಜೇಬಿಗೆ ಆಗಲಿಲ್ಲ. ಅವರ ತಂದೆ ಹೈಕೋರ್ಟ್ ನ್ಯಾಯಾಧೀಶರಾಗಿದ್ದವರು ಎಂಬುದನ್ನೂ ನೆನಪಿಡಬೇಕು. ಬೀಳುವವನ ಕೆಳಗೆ ಹಾಸಿಗೆ ಇದೆಯೋ ಕಲ್ಲಿದೆಯೋ ಎಂಬುದರ ಮೇಲೆ ಧೈರ್ಯದ ಬೆಲೆ ಬದಲಾಗುತ್ತದೆ.

ಈ ಪಟ್ಟಿಯೂ ಗೆದ್ದವರ ಪಟ್ಟಿಯೇ. ಹಾಗಾಗಿ ಇದರಿಂದ ‘ನೌಕರಿಯಲ್ಲಿದ್ದರೆ ಗೆಲ್ಲುತ್ತೀರಿ’ ಎಂದು ಹೇಳಲಾಗದು. ‘ನೌಕರಿಯಲ್ಲಿದ್ದರೆ ಕಲೆ ಸಾಯುತ್ತದೆ’ ಎನ್ನುವುದು ಸುಳ್ಳು ಎಂದಷ್ಟೇ ಹೇಳಬಹುದು.

ಹಾಗಾದರೆ ಅಧ್ಯಯನಗಳು ಏನು ಹೇಳುತ್ತವೆ?

2014ರಲ್ಲಿ ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಎಂಬ ಸಂಶೋಧಕರು ಅಮೆರಿಕದಲ್ಲಿ ಸ್ವಂತ ಉದ್ಯಮ ಶುರು ಮಾಡಿದವರ ಹಲವು ವರ್ಷಗಳ ಮಾಹಿತಿ ನೋಡಿದರು. ಕೆಲವರು ನೌಕರಿ ಬಿಟ್ಟು ನೇರವಾಗಿ ಧುಮುಕಿದವರು. ಕೆಲವರು ನೌಕರಿಯಲ್ಲಿದ್ದುಕೊಂಡೇ ಶುರು ಮಾಡಿ, ಆಮೇಲೆ ಪೂರ್ತಿ ಬಂದವರು. ಎರಡನೇ ಗುಂಪಿನವರು ಉದ್ಯಮ ಕೈಬಿಡುವ ಸಾಧ್ಯತೆ ಮೊದಲ ಗುಂಪಿಗಿಂತ ಸುಮಾರು 33% ಕಡಿಮೆ ಇತ್ತು. ಕಾರಣ ಕಷ್ಟದ್ದಲ್ಲ. ಸಂಬಳ ಇರುವಾಗ ಸಣ್ಣದಾಗಿ ಮಾಡಿ ನೋಡಬಹುದು, ತಪ್ಪು ಮಾಡಿ ಕಲಿಯಬಹುದು, ಗಿರಾಕಿ ಇದ್ದಾರೆಯೇ ಎಂದು ತಿಳಿಯಬಹುದು. ಇದು ಉದ್ಯಮಗಳ ಮೇಲಿನ ಅಧ್ಯಯನ, ಕವಿಗಳ ಮೇಲಿನದಲ್ಲ. ಆದರೆ ಕಲೆಯಿಂದ ಹೊಟ್ಟೆ ಹೊರೆಯುವುದು ಎಂದರೆ ಅದೂ ಒಂದು ಸಣ್ಣ ಉದ್ಯಮವೇ.

‘ಪ್ಲಾನ್ ಬಿ ಇದ್ದರೆ ಛಲ ಹೋಗುತ್ತದೆ’ ಎನ್ನುತ್ತಾರಲ್ಲ?

ಇದರಲ್ಲಿ ಸ್ವಲ್ಪ ಸತ್ಯ ಇದೆ. 2016ರಲ್ಲಿ ಜಿಹೇ ಶಿನ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ ನಡೆಸಿದ ಪ್ರಯೋಗಗಳಲ್ಲಿ, ಸೋತರೆ ಏನು ಮಾಡುವುದೆಂದು ಮೊದಲೇ ಯೋಚಿಸಿದವರು ಎದುರಿಗಿದ್ದ ಕೆಲಸದಲ್ಲಿ ಸ್ವಲ್ಪ ಹಿಂದೆ ಬಿದ್ದರು. ಹಾಗೆಂದು ಪರ್ಯಾಯವೇ ಬೇಡ ಎಂದು ಸಂಶೋಧಕರು ಹೇಳಲಿಲ್ಲ. ಪರ್ಯಾಯದ ಬಗ್ಗೆ ಯಾವಾಗ ಯೋಚಿಸುತ್ತೀರಿ ಎಂಬುದರ ಮೇಲೆ ಗಮನ ಇರಲಿ ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಚಿತ್ರ ಬರೆಯುವಾಗ ಚಿತ್ರ, ಓದುವಾಗ ಓದು. ಎರಡನ್ನೂ ಒಂದೇ ಗಂಟೆಯಲ್ಲಿ ಕಲಸಿದರೆ ಎರಡೂ ಹಾಳು.

ದುಡ್ಡಿನ ಚಿಂತೆ ಕಲೆಗೆ ಒಳ್ಳೆಯದೇ?

‘ಹಸಿದವನೇ ದೊಡ್ಡ ಕಲಾವಿದ’ ಎಂಬ ನಂಬಿಕೆ ಹಳೆಯದು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬೇರೆಯೇ ಹೇಳುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ, ಕೈ ಖಾಲಿ ಇದ್ದಾಗ, ಮತ್ತು ಕೊಯ್ಲಿನ ನಂತರ, ಹಣ ಬಂದಾಗ, ಬುದ್ಧಿಯ ಪರೀಕ್ಷೆ ಕೊಟ್ಟರು. ಅದೇ ರೈತರು ಕೊಯ್ಲಿನ ನಂತರ ಹೆಚ್ಚು ಚೆನ್ನಾಗಿ ಉತ್ತರಿಸಿದರು. ದುಡ್ಡಿನ ಚಿಂತೆ ತಲೆಯಲ್ಲಿ ಜಾಗ ತಿನ್ನುತ್ತದೆ ಎಂಬುದು ಸಂಶೋಧಕರ ವಿವರಣೆ. ಇದರ ಲೆಕ್ಕಾಚಾರದ ಬಗ್ಗೆ ವಿಜ್ಞಾನಿಗಳ ನಡುವೆ ಚರ್ಚೆ ನಡೆದಿದೆ. ಆದರೆ ಈರುಳ್ಳಿ ಬೆಲೆ ಬಿದ್ದ ವರ್ಷ ಅಜ್ಜಂಪುರದ ಕಡೆಯ ರೈತನ ಮನೆಯಲ್ಲಿ ಕೂತವರಿಗೆ ಇದು ಹೊಸ ಸುದ್ದಿಯಲ್ಲ. ತಿಂಗಳ ಬಡ್ಡಿ ಕಾಯುತ್ತಿರುವಾಗ ಕತೆಯ ಎರಡನೇ ಪುಟ ಬರೆಯುವುದು ಸುಲಭವಲ್ಲ.

ಇಷ್ಟ ಹುಟ್ಟಿನಿಂದ ಬರುತ್ತದೆಯೇ?

‘ನಿಮ್ಮೊಳಗಿನ ಪ್ಯಾಷನ್ ಪತ್ತೆ ಮಾಡಿ’ ಎಂಬ ಮಾತು, ಇಷ್ಟ ಎಲ್ಲೋ ಹೂತಿಟ್ಟ ನಿಧಿ ಎಂಬಂತೆ ಹೇಳುತ್ತದೆ. 2018ರಲ್ಲಿ ಪಾಲ್ ಒಕೀಫ್, ಕೆರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ನಂಬುವವರು ವಿಷಯ ಕಷ್ಟವಾದ ಕೂಡಲೇ ಆಸಕ್ತಿ ಕಳೆದುಕೊಂಡರು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದು ನಂಬಿದವರು ಹೆಚ್ಚು ತಾಳಿದರು. ಅಂದರೆ 20ನೇ ವಯಸ್ಸಿಗೆ ‘ನನ್ನ ಪ್ಯಾಷನ್ ಇದೇ’ ಎಂದು ಖಚಿತವಾಗದಿದ್ದರೆ ಏನೂ ನಷ್ಟವಿಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲರಾಂಡ್ 2003ರಲ್ಲಿ ಇನ್ನೊಂದು ಭೇದ ತೋರಿಸಿದರು. ಒಂದು ಇಷ್ಟ ಬದುಕಿನ ಉಳಿದ ಭಾಗಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ಇನ್ನೊಂದು ಮನುಷ್ಯನನ್ನೇ ಹಿಡಿದು ಎಳೆಯುತ್ತದೆ, ಬಿಡಲು ಬಿಡುವುದಿಲ್ಲ. ಎರಡನ್ನೂ ನಾವು ‘ಹುಚ್ಚು’ ಎಂದೇ ಕರೆಯುತ್ತೇವೆ. ಆದರೆ ಮನಸ್ಸಿನ ಆರೋಗ್ಯದ ಮೇಲೆ ಎರಡರ ಪರಿಣಾಮ ಬೇರೆ ಬೇರೆ.

ಇಷ್ಟಕ್ಕೆ ದುಡ್ಡು ಪಡೆದರೆ ಇಷ್ಟ ಸಾಯುತ್ತದೆಯೇ?

ಸಾಯಲೇಬೇಕೆಂದಿಲ್ಲ, ಬದಲಾಗಬಹುದು. 1973ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ ‘ಬಿಡಿಸಿದರೆ ಬಹುಮಾನ’ ಎಂದು ಮೊದಲೇ ಹೇಳಲಾಯಿತು. ಕೆಲ ದಿನಗಳ ನಂತರ ನೋಡಿದರೆ, ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ದೊಡ್ಡವರ ಸಂಬಳಕ್ಕೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಮೂವತ್ತನೇ ಮದುವೆಯ ವಿಡಿಯೊ ಎಡಿಟ್ ಮಾಡುವ ಹುಡುಗನಿಗೆ ಇದರ ಅರ್ಥ ಗೊತ್ತು. ಹಾಗಾಗಿ ದುಡ್ಡಿಗೆ ಮಾಡುವುದರ ಜೊತೆ, ಯಾರೂ ಕೇಳದೆ ಮಾಡುವ ಒಂದು ಕೆಲಸ ಉಳಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಮಾವನ ಫಾರ್ವರ್ಡ್ ಸರಿಯೇ?

ಅದೂ ಪೂರ್ತಿ ಸರಿಯಲ್ಲ. ನಾಲ್ಕು ಕಾರಣ.

ಮೊದಲನೆಯದು, ‘ನೌಕರಿ’ ಎಂಬ ಹಳಿಯೇ ಅಷ್ಟು ಅಗಲವಾಗಿಲ್ಲ. ಕೇಂದ್ರ ಸರ್ಕಾರದ 2023–24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ನಿಯಮಿತ ಸಂಬಳ ಇರುವವರು ಸುಮಾರು 22. ಸುಮಾರು 58 ಜನ ಸ್ವಂತ ದುಡಿಮೆಯವರು.

ಎರಡನೆಯದು, ಸರ್ಕಾರಿ ಕೆಲಸ ಎಂದರೆ ಹಳೆಯ ಕಾಲದ ನಿಶ್ಚಿತ ಪಿಂಚಣಿ ಎಂಬ ನಂಬಿಕೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ನೌಕರರಿಗೆ ಎನ್‌ಪಿಎಸ್ ಬಂತು. ಅದರಲ್ಲಿ ಸಿಗುವ ಮೊತ್ತ ಕೂಡಿಟ್ಟ ಹಣ ಮತ್ತು ಮಾರುಕಟ್ಟೆಯ ಮೇಲೆ ನಿಂತಿದೆ. ಕೆಲಸ ಭದ್ರವೇ. ಆದರೆ ಮಾವ ಹೇಳುವಷ್ಟು ಅಲ್ಲ.

ಮೂರನೆಯದು, ಪರೀಕ್ಷೆಗೆ ಓದುವ ವರ್ಷಗಳಿಗೂ ಬೆಲೆ ಇದೆ. ಕೋಚಿಂಗ್, ರೂಮಿನ ಬಾಡಿಗೆ, ದುಡಿಯದೆ ಕಳೆದ ತಿಂಗಳುಗಳು. ಕ್ಯಾಮೆರಾಕ್ಕೆ ಎರಡು ಲಕ್ಷ ಎಂದಾಗ ಬೆಚ್ಚುವ ಮನೆಗಳು ಈ ಲೆಕ್ಕ ಹಾಕುವುದಿಲ್ಲ.

ನಾಲ್ಕನೆಯದು, ವಿಷಾದ. 1994ರಲ್ಲಿ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ತೋರಿಸಿದಂತೆ, ಜನ ಹತ್ತಿರದ ದಿನಗಳಲ್ಲಿ ಮಾಡಿದ ತಪ್ಪಿಗೆ ಕೊರಗುತ್ತಾರೆ. ಬದುಕನ್ನು ಹಿಂದಿರುಗಿ ನೋಡುವಾಗ ಹೆಚ್ಚು ಕಾಡುವುದು ಮಾಡದೇ ಬಿಟ್ಟದ್ದು.

ಇನ್ನೊಂದು ಮಾತು. ‘ಹುಚ್ಚು’ ಕೆಲಸಕ್ಕೆ ಅಡ್ಡಿ ಎಂಬುದಕ್ಕೂ ಆಧಾರ ಕಡಿಮೆ. 2014ರಲ್ಲಿ ಕೆವಿನ್ ಎಶ್ಲ್‌ಮನ್ ಮತ್ತು ಜೊತೆಗಾರರು ನೌಕರರ ಮೇಲೆ ನಡೆಸಿದ ಅಧ್ಯಯನದಲ್ಲಿ, ಬಿಡುವಿನಲ್ಲಿ ಏನಾದರೂ ಸೃಜನಶೀಲ ಹವ್ಯಾಸ ಇದ್ದವರು ದಣಿವಿನಿಂದ ಬೇಗ ಚೇತರಿಸಿಕೊಂಡು ಕಚೇರಿಯ ಕೆಲಸದಲ್ಲೂ ಮುಂದಿದ್ದರು.

ಇದನ್ನು ಮಾವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಕಡೂರಿನ ಕಡೆ ಹಬ್ಬ, ಜಾತ್ರೆಗೆ ಪೌರಾಣಿಕ ನಾಟಕ ಆಡುವುದು ಗೊತ್ತಲ್ಲ. ಹಳೇ ಮೈಸೂರು ಭಾಗದ ಈ ನಾಟಕಗಳಲ್ಲಿ ಊರಿನ ಪಾತ್ರಧಾರಿಗೆ ಸಂಭಾವನೆ ಇಲ್ಲ. ಅವನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ದುಡ್ಡು ಪಡೆಯುವವರು ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಬರುವ ನಟಿಯರು, ಡ್ರೆಸ್ ಮತ್ತು ಸೀನರಿಯವರು. ಮಾವ ಎಷ್ಟೋ ವರ್ಷ ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ದುರ್ಯೋಧನ ಆಗಿದ್ದಾರೆ. ಅದೇ ರಂಗದ ಮೇಲೆ ಕಲೆಗೆ ಖರ್ಚು ಮಾಡುವವರೂ ಇದ್ದರು, ಕಲೆಯಿಂದ ಸಂಪಾದಿಸುವವರೂ ಇದ್ದರು. ಕಲೆ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳಿದರೆ, ಯಾರ ಹೊಟ್ಟೆ, ಯಾವ ಕೆಲಸಕ್ಕೆ ಎಂದು ತಿರುಗಿ ಕೇಳಬೇಕು.

‘ಇಷ್ಟದ ಕೆಲಸ ತಾನೆ, ದುಡ್ಡು ಯಾಕೆ?’

ಈ ಮಾತು ಕೇಳದ ಫೋಟೊಗ್ರಾಫರ್, ಗಾಯಕಿ, ಬರಹಗಾರ ಇಲ್ಲ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರನ್ನು ಒಳಗೊಂಡ ತಂಡವೊಂದು ಪ್ರಕಟಿಸಿದ ಅಧ್ಯಯನಗಳಲ್ಲಿ, ಕೆಲಸವನ್ನು ತುಂಬಾ ಪ್ರೀತಿಸುವವರಿಂದ ಸಂಬಳವಿಲ್ಲದೆ ಹೆಚ್ಚು ದುಡಿಸಿಕೊಳ್ಳುವುದು ತಪ್ಪಲ್ಲ ಎಂದು ಜನ ಸುಲಭವಾಗಿ ಒಪ್ಪಿಕೊಳ್ಳುವುದು ಕಂಡುಬಂತು. ‘ಎಕ್ಸ್‌ಪೋಷರ್ ಸಿಗುತ್ತೆ’ ಎಂದರೆ ಬಹಳ ಸಲ ಅರ್ಥ ಇದೇ. ಇಷ್ಟವನ್ನು ದುಡಿಮೆ ಮಾಡಿಕೊಳ್ಳುವವರು ಮೊದಲು ಕಲಿಯಬೇಕಾದದ್ದು ದರ ಹೇಳುವುದನ್ನು, ಮುಂಗಡ ಕೇಳುವುದನ್ನು.

ಎಲ್ಲರಿಗೂ ಒಂದೇ ಸಲಹೆ ಏಕೆ ಹೊಂದುವುದಿಲ್ಲ?

‘ಹಗಲು ನೌಕರಿ, ಸಂಜೆ ಕಲೆ’ ಎನ್ನುವುದಕ್ಕೆ ಸಂಜೆ ನಮ್ಮದಾಗಿರಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಹಾಡಲು ಬಲ್ಲ ಹುಡುಗಿಗೆ ‘ಕೆಲಸದ ಜೊತೆ ಅಭ್ಯಾಸ ಮಾಡು’ ಎಂದು ಹೇಳುವ ಮನೆ, ಸಂಜೆಯ ಪಾತ್ರೆ ಯಾರು ತೊಳೆಯುತ್ತಾರೆ ಎಂಬುದನ್ನೂ ಹೇಳಬೇಕು. ಇನ್ನೊಂದು ಕಡೆ, ನಮ್ಮ ಊರುಗಳ ಎಷ್ಟೋ ಹುಡುಗಿಯರಿಗೆ ಸ್ವಂತ ಸಂಬಳವೇ ಮದುವೆಯ ಆತುರವನ್ನು ಮುಂದೂಡಿ, ಕಲೆಯನ್ನು ಉಳಿಸಿಕೊಟ್ಟಿದೆ.

ನೃತ್ಯ, ಕ್ರೀಡೆಯಂಥವಕ್ಕೆ ದೇಹದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ‘ಮೊದಲು ಸೆಟಲ್ ಆಗು’ ಎಂದು 30ರವರೆಗೆ ಕಾಯಿಸಿದರೆ ಕೆಲವು ಬಾಗಿಲು ಮುಚ್ಚುತ್ತವೆ. ಬರವಣಿಗೆಗೆ ಆ ಆತುರ ಇಲ್ಲ.

ನಿರ್ಧಾರಕ್ಕೆ ಮುಂಚೆ ಹಾಕಬೇಕಾದ ಲೆಕ್ಕ

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗಿನ ಪ್ರಶ್ನೆಗಳಿಗೆ ಮನೆಯವರ ಜೊತೆ ಕೂತು ಉತ್ತರ ಬರೆಯಿರಿ.

1. ತಿಂಗಳ ಖರ್ಚು ಎಷ್ಟು, ಅದರಲ್ಲಿ ನಿಮ್ಮ ಪಾಲು ಎಷ್ಟು? ಉದಾಹರಣೆಗೆ 12,000 ಎಂದುಕೊಳ್ಳಿ. ಆರು ತಿಂಗಳು ಏನೂ ಬರದಿದ್ದರೆ 72,000 ಬೇಕು. ಅದು ಕೈಯಲ್ಲಿದೆಯೇ?

2. ಕಲೆಯಿಂದ ಈಗಾಗಲೇ ಎಷ್ಟು ಬಂದಿದೆ? ಕಳೆದ 12 ತಿಂಗಳು ಒಂದೊಂದಾಗಿ ಬರೆಯಿರಿ. ಮದುವೆ ಕೆಲಸದವರು ಆಷಾಢ, ಪಿತೃಪಕ್ಷ, ಧನುರ್ಮಾಸದ ಖಾಲಿ ದಿನಗಳನ್ನು ಮರೆಯಬಾರದು. ಒಳ್ಳೆಯ ತಿಂಗಳನ್ನು 12ರಿಂದ ಗುಣಿಸಿದರೆ ಸಿಗುವುದು ಸುಳ್ಳು ಲೆಕ್ಕ.

3. ಬಾಡಿಗೆಗೆ ಸಿಗುವುದನ್ನು ಸಾಲ ಮಾಡಿ ಕೊಳ್ಳುತ್ತಿದ್ದೀರಾ? ಕ್ಯಾಮೆರಾ, ಲೆನ್ಸ್, ಕೀಬೋರ್ಡ್ ದಿನದ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಕಟ್ಟಿಯೂ ಲಾಭ ಉಳಿಯುವಷ್ಟು ಕೆಲಸ ಬಂದ ಮೇಲೆ ಕೊಳ್ಳುವುದು ಕ್ಷೇಮ.

4. ಕಲಿಯಲು ಹತ್ತಿರದಲ್ಲಿ ಏನಿದೆ? ರಂಗಭೂಮಿಗೆ ಅಜ್ಜಂಪುರದ ಪಕ್ಕದ ಹೊಸದುರ್ಗ ತಾಲ್ಲೂಕಿನಲ್ಲೇ ಸಾಣೇಹಳ್ಳಿ ಇದೆ. ಅಲ್ಲಿನ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಚಿತ್ರಕಲೆಗೆ ಮೈಸೂರಿನ ಕಾವಾ ಇದೆ. ಒಂದು ವರ್ಷದ ತರಬೇತಿ, ನೀವು ಇಡೀ ಬದುಕನ್ನು ಪಣಕ್ಕಿಡುವ ಮುಂಚೆ ಮಾಡಿ ನೋಡುವ ಅಗ್ಗದ ಪರೀಕ್ಷೆ.

5. ವಯಸ್ಸಿನ ಬಾಗಿಲು ಯಾವುದು ಮೊದಲು ಮುಚ್ಚುತ್ತದೆ? ರಾಜ್ಯ ಸರ್ಕಾರದ ಬಹುಪಾಲು ಹುದ್ದೆಗಳಿಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 40 ಎಂಬುದು ಬಹುಕಾಲದ ಮಿತಿ. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಅಧಿಸೂಚನೆ ನೋಡಿ. 24ಕ್ಕೆ ಎಲ್ಲವೂ ಮುಗಿಯಿತು ಎನ್ನುವ ಆತುರ ಬೇಡ.

6. ನೌಕರಿ ಸೇರಿದ ಮೇಲೆ ಕಲೆಗೆ ಅನುಮತಿ ಇದೆಯೇ? ಸರ್ಕಾರಿ ನೌಕರರು ಸಿನಿಮಾ, ಧಾರಾವಾಹಿಯಂಥವಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ. ಖಾಸಗಿ ಕಂಪನಿಗಳ ಒಪ್ಪಂದಪತ್ರದಲ್ಲೂ ಇಂಥ ಷರತ್ತು ಇರಬಹುದು.

7. ಯಾವಾಗ ನಿಲ್ಲಿಸುತ್ತೀರಿ, ಯಾವಾಗ ಪೂರ್ತಿ ಇಳಿಯುತ್ತೀರಿ? ಎರಡಕ್ಕೂ ದಿನಾಂಕ ಮತ್ತು ಮೊತ್ತ ಈಗಲೇ ಬರೆಯಿರಿ. ಸೋಲುವಾಗಲೂ ಗೆಲ್ಲುವಾಗಲೂ ತಲೆ ನೆಟ್ಟಗೆ ಇರುವುದಿಲ್ಲ.

ಒಟ್ಟಿನಲ್ಲಿ

‘ಕೆಲಸ ಬಿಟ್ಟರೆ ದುಡ್ಡು ತಾನಾಗಿ ಬರುತ್ತದೆ’ ಎನ್ನುವುದು ಸುಳ್ಳು. ‘ಕಲೆ ಹೊಟ್ಟೆ ತುಂಬಿಸುವುದಿಲ್ಲ’ ಎನ್ನುವುದು ಅರ್ಧ ಸತ್ಯ. ಬಹುಪಾಲು ಜನ ನಡೆದದ್ದು ಮೂರನೇ ದಾರಿಯಲ್ಲಿ. ಒಂದರ ಆಸರೆಯಲ್ಲಿ ಇನ್ನೊಂದನ್ನು ಬೆಳೆಸಿ, ಬೆಳೆದದ್ದು ಭಾರ ಹೊರುತ್ತದೆ ಎಂದು ಖಾತ್ರಿಯಾದ ಮೇಲೆ ಅದರ ಮೇಲೆ ಕಾಲಿಟ್ಟವರು ಅವರು. ಬೀರೂರಿನಲ್ಲಿ ಹಳಿ ಎರಡಾಗುವುದು ನಿಜ. ಆದರೆ ತರೀಕೆರೆಯಿಂದ ಅಜ್ಜಂಪುರಕ್ಕೆ ರಸ್ತೆಯೂ ಇದೆ.

ನಮ್ಮ ಹುಡುಗನ ಮನೆಯಲ್ಲಿ ಕೊನೆಗೆ ಈ ಹಾಳೆ ಬರೆದರು. ಎರಡನೇ ಪ್ರಶ್ನೆಗೆ ಉತ್ತರ ಬರೆಯುವಾಗ ಅವನೇ ಸುಮ್ಮನಾದ. ಐದು ತಿಂಗಳು ಸೊನ್ನೆ ಇತ್ತು. ಮಾವ ಸುಮ್ಮನಾದದ್ದು ಪರೀಕ್ಷೆಗೆ ಆದ ಖರ್ಚು ಕೂಡಿಸಿದಾಗ. ಅಮ್ಮನ ಸರ ಕತ್ತಿನಲ್ಲೇ ಇದೆ. ಅವನು ಬೆಳಿಗ್ಗೆ ಓದುತ್ತಾನೆ, ಮದುವೆ ಸೀಸನ್ನಿನಲ್ಲಿ ಬಾಡಿಗೆ ಕ್ಯಾಮೆರಾ ಹಿಡಿಯುತ್ತಾನೆ. ಬರುವ ಜಾತ್ರೆಯಲ್ಲಿ ಮಾವನ ನಾಟಕದ ತಾಲೀಮನ್ನು ಚಿತ್ರೀಕರಿಸಲು ಕೇಳಿಕೊಂಡಿದ್ದಾನೆ. ಮಾವ ಒಪ್ಪಿದ್ದಾರೆ. ದರ ಎಷ್ಟು ಎಂದು ಇನ್ನೂ ಮಾತಾಗಿಲ್ಲ.

ಇನ್ನು ಮುಂದೆ ಇಂಥ ಫಾರ್ವರ್ಡ್ ಬಂದರೆ ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ. ಇದನ್ನು ನಂಬಿ ಒಬ್ಬರು ನಾಳೆಯೇ ನಿರ್ಧಾರ ಮಾಡಿದರೆ, ಅವರ ಮುಂದಿನ ತಿಂಗಳ ಖರ್ಚು ಯಾರು ಕೊಡುತ್ತಾರೆ? ಉತ್ತರ ಅದರಲ್ಲಿ ಇಲ್ಲದಿದ್ದರೆ, ಫಾರ್ವರ್ಡ್ ಬಿಟ್ಟು ಆ ವ್ಯಕ್ತಿಗೇ ಒಂದು ಫೋನ್ ಮಾಡಿ.